ಗುಂಡಿಗೆ ವಾರಸುದಾರರು ಬೇಕಾಗಿದ್ದಾರೆ

ಮರಳು ನಿರ್ವಹಣೆ ಕಲಿಯಬೇಕೆನ್ನುವವರು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬರಲಿ. ಬೇರೆ ಜಿಲ್ಲೆಗಳವರು ಚೆಕ್‌ಪೋಸ್ಟು, ಡ್ರೋನು, ಸಿಸಿ ಕ್ಯಾಮೆರಾ ಎಂದು ಒದ್ದಾಡುತ್ತಾರೆ. ನಮಗೆ ಆ ತಾಪತ್ರಯವಿಲ್ಲ. ಅರ್ಕಾವತಿಯಲ್ಲಿ ಕದಿಯುವಂಥ ಮರಳು ಉಳಿದಿಲ್ಲ, ದಕ್ಷಿಣ ಪಿನಾಕಿನಿಯದೂ ಅದೇ ಕತೆ, ಕುಮುದ್ವತಿಯನ್ನಂತೂ ಕೇಳಲೇಬೇಡಿ. ಕಳ್ಳನನ್ನು ಹಿಡಿಯುವುದು ಕಷ್ಟದ ಕೆಲಸ. ಕಳುವಾಗುವ ವಸ್ತುವೇ ಮುಗಿದುಹೋದರೆ ಅಪರಾಧ ತಾನಾಗಿ ನಿಲ್ಲುತ್ತದೆ.

ಕಾನೂನಿಲ್ಲದೆ ಹೀಗಾಯಿತೆಂದು ಯಾರೂ ತಪ್ಪು ತಿಳಿಯಬಾರದು. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲೇ ಹೇಳಿತು. ಮೂರು ಮೀಟರಿಗಿಂತ ಆಳ ಬಗೆಯಬಾರದು, ಅದಕ್ಕೂ ಮೊದಲೇ ನೀರು ಕಂಡರೆ ಅಲ್ಲಿಗೇ ನಿಲ್ಲಿಸಬೇಕು ಎಂದು ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಮಾರ್ಗಸೂಚಿ ಬರೆಯಿತು. ಒಳ್ಳೆಯ ನಿಯಮಗಳೇ. ಅವು ಬರುವ ಹೊತ್ತಿಗೆ ನಮ್ಮ ಹೊಳೆಗಳಲ್ಲಿ ಟೇಪು ಹಿಡಿದು ಅಳೆಯಲು ಮರಳೂ ಇರಲಿಲ್ಲ, ಕಂಡರೆ ನಿಲ್ಲಿಸೋಣವೆಂದರೆ ನೀರೂ ಇರಲಿಲ್ಲ. ಅದೊಂದೇ ಕೊರತೆ.

ಜಿಲ್ಲಾಡಳಿತವನ್ನೂ ದೂರುವಂತಿಲ್ಲ. 1986ರಲ್ಲಿ ಹುಟ್ಟಿದ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿ ಮೂರು ದಶಕ ಬೆಂಗಳೂರು ನಗರದಲ್ಲೇ ಇತ್ತು. 2018ರಲ್ಲಿ ಅದು ನಗರ ಬಿಟ್ಟು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಬಂತು. ಅಷ್ಟರಲ್ಲಿ ಜಿಲ್ಲೆಯ ಮರಳು ಎದುರು ದಿಕ್ಕಿನಲ್ಲಿ ನಗರ ಸೇರಿಯಾಗಿತ್ತು.

ಮರಳು ಮುಗಿದರೂ ನಮ್ಮವರ ಬುದ್ಧಿ ಮುಗಿಯಲಿಲ್ಲ. ಬಂಡೆ ಸವೆದು ಹೊಳೆಯಲ್ಲಿ ಮರಳಾಗಲು ಸಾವಿರಾರು ವರ್ಷ ಬೇಕು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಆ ಕೆಲಸ ಒಂದೇ ರಾತ್ರಿಯಲ್ಲಿ ಆಗುತ್ತದೆ. ಕೆರೆಯಂಗಳದ್ದೋ ಗೋಮಾಳದ್ದೋ ಮಣ್ಣನ್ನು ಜೆಸಿಬಿಯಲ್ಲಿ ಬಗೆದು ತೊಟ್ಟಿಗೆ ಸುರಿದು, ಮೋಟಾರಿಟ್ಟು ನೀರು ಹಾಯಿಸಿ ಕಲಕಿದರೆ ಜೇಡಿ ಹರಿದುಹೋಗುತ್ತದೆ; ತಳದಲ್ಲಿ ಉಳಿದದ್ದೇ ಫಿಲ್ಟರ್ ಮರಳು. ಕೊಳವೆಬಾವಿ ಸಾವಿರ ಅಡಿ ದಾಟಿದ ಸೀಮೆಯಲ್ಲಿ ಹಿಪ್ಪುನೇರಳೆಗೆ ಸಿಗದ ನೀರು ಮಣ್ಣಿನ ಸ್ನಾನಕ್ಕೆ ಸಿಗುತ್ತದೆ. ಸರಿಯಾಗಿ ತೊಳೆಯದೆ ಉಳಿದ ಜೇಡಿ ಕಾಂಕ್ರೀಟಿನ ಬಲ ತಗ್ಗಿಸುತ್ತದೆ ಎನ್ನುತ್ತಾರೆ ಎಂಜಿನಿಯರುಗಳು. ಪುಟ್ಟಿ ಹಚ್ಚಿ ಬಣ್ಣ ಬಳಿದ ಮೇಲೆ ಅದು ಯಾರಿಗೆ ಕಾಣಬೇಕು?

ಆಗೀಗ ದಾಳಿಯೂ ನಡೆಯುತ್ತದೆ. ಆರೋಪಿಗಳು ಪರಾರಿಯಾಗಿರುತ್ತಾರೆ; ಮೋಟಾರು, ಪೈಪು ಓಡಲಾರದೆ ಸಿಕ್ಕಿಬೀಳುತ್ತವೆ. ಮಹಜರಾಗುತ್ತದೆ, ಫೋಟೊ ತೆಗೆಯುತ್ತಾರೆ. ತೊಟ್ಟಿ ಒಡೆಯಲು ಜೆಸಿಬಿ ಬೇಕಲ್ಲ, ಅದನ್ನೂ ಅದೇ ಸೀಮೆಯಿಂದ ತರಿಸುತ್ತಾರೆ. ಕಟ್ಟುವಾಗ ಗಂಟೆ ಲೆಕ್ಕ, ಒಡೆಯುವಾಗಲೂ ಗಂಟೆ ಲೆಕ್ಕ. ಈ ವ್ಯವಹಾರದಲ್ಲಿ ಎಂದೂ ನಷ್ಟ ಕಾಣದವನೆಂದರೆ ಜೆಸಿಬಿ ಮಾಲೀಕ.

ಈಗ ಗ್ರಾವೆಲ್ ಕಾಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ಇಳಿಯಿತು. ಹಿಂದೆಯೇ ಲೇಔಟುಗಳು ಇಳಿದವು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಬಳಸಿ ಹೊಸಕೋಟೆಗೆ ಉಪನಗರ ವರ್ತುಲ ರಸ್ತೆ ಬಂತು. ರಸ್ತೆ ಎತ್ತರವಾಗಬೇಕಾದರೆ ಎಲ್ಲೋ ಒಂದು ಕಡೆ ನೆಲ ತಗ್ಗಾಗಲೇಬೇಕು. ಎತ್ತರವಾದದ್ದಕ್ಕೆ ಉದ್ಘಾಟನೆ, ನಾಮಫಲಕ, ಟೋಲ್ ಎಲ್ಲವೂ ಇವೆ. ತಗ್ಗಾದದ್ದಕ್ಕೆ ಏನೇನೂ ಇಲ್ಲ.

ಮಣ್ಣು ಹೊರಡುವಾಗ ಒಡೆಯರಿಗೆ ಬರವಿಲ್ಲ. ರಾಯಧನ ಗಣಿ ಇಲಾಖೆಗೆ, ಜಮೀನು ಕಂದಾಯದ್ದು, ಟಿಪ್ಪರ್ ತಪಾಸಣೆ ಪೊಲೀಸರದು, ಹದಗೆಟ್ಟ ರಸ್ತೆ ಲೋಕೋಪಯೋಗಿಯದು, ಕೆರೆ ಸಣ್ಣ ನೀರಾವರಿಯದು ಅಥವಾ ಪಂಚಾಯಿತಿಯದು. ಮಣ್ಣು ಹೋಗಿ ಗುಂಡಿ ಉಳಿದ ಮೇಲೆ ಕೇಳಿ ನೋಡಿ.

‘ಸ್ವಾಮಿ, ಈ ಗುಂಡಿ ಯಾರದು?’

‘ಗಣಿ ಇಲಾಖೆಯವರನ್ನು ಕೇಳ್ರಿ.’

‘ಗುತ್ತಿಗೆ ಅವಧಿ ಮುಗಿದಿದೆ, ಕಂದಾಯದವರನ್ನು ಕೇಳಿ.’

‘ಪಹಣಿಯಲ್ಲಿ ಗುಂಡಿ ಅಂತ ಇಲ್ಲವಲ್ಲ, ಜಮೀನು ಅಂತಿದೆ!’

ನಿಜ, ಪಹಣಿಯಲ್ಲಿ ಈಗಲೂ ಅಲ್ಲಿ ರಾಗಿ ಬೆಳೆಯುತ್ತಿರುತ್ತದೆ. ಮಳೆಗಾಲದಲ್ಲಿ ಆ ರಾಗಿಹೊಲದಲ್ಲಿ ನೀರು ತುಂಬುತ್ತದೆ. ದನ ಮುಳುಗುತ್ತವೆ. ಈಜಲು ಇಳಿದ ಹುಡುಗರು ಮುಳುಗುತ್ತಾರೆ. ಆ ದಿನ ಮಾತ್ರ ಎಲ್ಲ ಇಲಾಖೆಗಳೂ ಸ್ಥಳಕ್ಕೆ ಬರುತ್ತವೆ, ‘ಎಚ್ಚರಿಕೆ’ ಎಂಬ ಬೋರ್ಡು ನೆಡುವುದು ಯಾರೆಂದು ಚರ್ಚಿಸಲು.

ಹಾಗಾದರೆ ಪುನಶ್ಚೇತನ? ಅದೂ ಕಾಗದದಲ್ಲಿದೆ. ಗುತ್ತಿಗೆಗೆ ಅರ್ಜಿ ಹಾಕುವಾಗಲೇ, ಅಗೆದಾದ ಮೇಲೆ ನೆಲವನ್ನು ಹೇಗೆ ಸರಿಪಡಿಸುತ್ತೇವೆಂದು ಯೋಜನೆ ಕೊಡಬೇಕು. ಆ ಯೋಜನೆಗಳನ್ನು ಓದಿದರೆ ಕಣ್ಣಿಗೆ ತಂಪು: ಗಿಡ, ಬೇಲಿ, ಇಳಿಜಾರು, ಮೇಲ್ಮಣ್ಣಿನ ರಕ್ಷಣೆ. ಅಕ್ರಮದವನಿಗೆ ಈ ಬರವಣಿಗೆಯ ಹೊರೆಯೂ ಇಲ್ಲ. ನೆಲದ ಮೇಲೆ ಗುಂಡಿ ತುಂಬುವ ಪುಣ್ಯಾತ್ಮ ಒಬ್ಬನೇ, ಬೆಂಗಳೂರು ಮಹಾನಗರ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳನ್ನು ಅದು ತನ್ನ ಕಸದಿಂದಲೇ ತುಂಬಿತು. ನಮ್ಮಿಂದ ಮಣ್ಣು ಒಯ್ದ ನಗರ ಸಾಲ ಇಟ್ಟುಕೊಳ್ಳುವ ಪೈಕಿಯಲ್ಲ. ಕಟ್ಟಡ ಒಡೆದ ಅವಶೇಷವನ್ನೂ ರಾತ್ರೋರಾತ್ರಿ ತಂದು ಸುರಿದು ಹೋಗುತ್ತದೆ.

ಅರ್ಕಾವತಿ ಬತ್ತಲು ಮರಳೊಂದೇ ಕಾರಣವಲ್ಲ. ನೀಲಗಿರಿ ತೋಪಿಗೂ ಕೊಳವೆಬಾವಿಗೂ ಪಾಪದಲ್ಲಿ ಪಾಲಿದೆ. 1894ರ ಹೆಸರಘಟ್ಟ ಕೆರೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಎರಡೂ ಬೆಂಗಳೂರಿಗೆ ಕುಡಿಸಿದ್ದು ಇದೇ ನದಿಯನ್ನು. ಆದರೆ ಮರಳಿದ್ದ ಹೊಳೆ ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಾವಿಗಳಿಗೆ ಇಳಿಸುತ್ತಿತ್ತು. ಮರಳು ತೆಗೆದ ಹೊಳೆಗೆ ಆ ಕಸುಬು ಮರೆತುಹೋಗಿದೆ.

2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟ ನಂದಿಬೆಟ್ಟದಲ್ಲಿ ಸಭೆ ಸೇರಿತು. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಹುಟ್ಟುವ ಜಾಗ ಅದು. ಅಲ್ಲಿ ಕೂತು ನಮ್ಮ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ಒಪ್ಪಿತು. ಸಂತೋಷ. ಹೆಸರು ಬದಲಾದರೆ ಎಲ್ಲ ಪಹಣಿಗಳನ್ನೂ ಹೇಗಿದ್ದರೂ ತಿದ್ದಬೇಕು. ಅದೇ ಖರ್ಚಿನಲ್ಲಿ ಇನ್ನೊಂದು ಸಾಲು ಸೇರಿಸಲಿ: ಈ ಸರ್ವೆ ನಂಬರಿನಲ್ಲಿ ಇಷ್ಟು ಅಡಿ ಆಳದ ಗುಂಡಿಯಿದೆ, ತೋಡಿದವರು ಇಂಥವರು, ಪರ್ಮಿಟ್ ಕೊಟ್ಟವರು ಇಂಥವರು, ಕಂಡೂ ಸುಮ್ಮನಿದ್ದವರು ಇಂಥವರು. ಗುಂಡಿ ತುಂಬಿದೆಯೆಂದು ಗ್ರಾಮಸಭೆ ಒಪ್ಪುವವರೆಗೆ ಗುತ್ತಿಗೆದಾರನ ಠೇವಣಿ ಬಿಡುವುದು ಬೇಡ, ಹೊಸ ಗುತ್ತಿಗೆಯೂ ಬೇಡ. ಹಣವಿಲ್ಲ ಎನ್ನುವಂತಿಲ್ಲ, ಗಣಿಗಾರಿಕೆಯಿಂದ ನೊಂದ ಊರುಗಳಿಗೆಂದೇ 2015ರ ಕಾಯ್ದೆ ತಿದ್ದುಪಡಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಹುಟ್ಟಿಸಿದೆ.

ಲಾಭಕ್ಕೆ ಹೆಸರು ಬರೆಸಿಕೊಂಡವರು ಗುಂಡಿಗೂ ಬರೆಸಿಕೊಳ್ಳಲಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಗುಂಡಿ ಯಾರದೆಂದು ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.