ಹುಲಿ ಪತಂಗಕ್ಕೆ ಹಿಂಬಡ್ತಿ

ಹುಲಿ ಪತಂಗಕ್ಕೆ ಹಿಂಬಡ್ತಿಯಾಗಿ ಹತ್ತು ವರ್ಷದ ಮೇಲಾಯಿತು. ನೋಟಿಸ್ ಕೊಡಲಿಲ್ಲ. ವಿಚಾರಣೆ ನಡೆಯಲಿಲ್ಲ. ಆರೋಪವೂ ಇರಲಿಲ್ಲ. 1815ರಿಂದ ಅದಕ್ಕೆ ಆರ್ಕ್ಟಿಯಿಡೇ ಎಂಬ ಸ್ವಂತ ಕುಟುಂಬವಿತ್ತು. ಈಗ ಎರೆಬಿಡೇ ಎಂಬ ದೊಡ್ಡ ಕುಟುಂಬದೊಳಗೆ ಅದೊಂದು ಉಪಕುಟುಂಬ. ಸುಮಾರು ಹನ್ನೊಂದು ಸಾವಿರ ಪ್ರಭೇದಗಳು ಒಂದೇ ಆದೇಶದಲ್ಲಿ ಒಂದು ಮೆಟ್ಟಿಲು ಇಳಿದವು.

ಸರ್ಕಾರಿ ನೌಕರರಿಗೆ ಹೀಗಾಗಿದ್ದರೆ ಫ್ರೀಡಂ ಪಾರ್ಕ್ ತುಂಬಿ ತುಳುಕುತ್ತಿತ್ತು.

ಹುಲಿ ಪತಂಗ ಅಂದರೆ ಯಾವುದು ಅನ್ನುತ್ತೀರಾ? ನೋಡಿದ್ದೀರಿ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬಂದು ಬಡಿಯುವ, ಬಿಳಿ ರೆಕ್ಕೆಯ, ಕೆಂಪು ಹೊಟ್ಟೆಯ ಪತಂಗ. ನೀವು ಪೊರಕೆ ಹಿಡಿದು ಅಟ್ಟಿದ್ದು ಅದನ್ನೇ ಇರಬೇಕು. ಅದರ ಮರಿ ಕಂಬಳಿಹುಳು. ಅದನ್ನಂತೂ ಖಂಡಿತ ಹೊಸಕಿದ್ದೀರಿ. ಇಂಗ್ಲಿಷ್ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಮಾತ್ರ 1931ರ ಒಂದು ಬ್ರಿಟಿಷ್ ವಿಮಾನ ಎದುರಾಗುತ್ತದೆ. ವಿಮಾನಕ್ಕೆ ಅಭಿಮಾನಿಗಳ ಸಂಘಗಳಿವೆ. ಪತಂಗಕ್ಕೆ ಪೊರಕೆ ಇದೆ.

ಅಟ್ಟುವ ಮುನ್ನ ಒಂದು ಮಾತು. ಬಾವಲಿ ಕತ್ತಲಲ್ಲಿ ಸದ್ದು ಹೊರಡಿಸಿ, ಪ್ರತಿಧ್ವನಿ ಕೇಳಿಸಿಕೊಂಡು ಬೇಟೆ ಹಿಡಿಯುತ್ತದಲ್ಲ, ಆ ಸದ್ದಿಗೆ ಹಲವು ಹುಲಿ ಪತಂಗಗಳು ತಿರುಗಿ ಉತ್ತರ ಕೊಡುತ್ತವೆ. ಎದೆಯ ಎರಡು ಪಕ್ಕದಲ್ಲಿ ಅದಕ್ಕೆಂದೇ ಪೊರೆಗಳಿವೆ. ನಾನು ಕಹಿ, ನಾನು ವಿಷ, ಮುಟ್ಟಿ ಕೆಡಬೇಡ ಎಂಬ ತಾಕೀತು. ಅಮೆರಿಕದ ಬರ್ತೋಲ್ಡಿಯಾ ಟ್ರೈಗೋನಾ ಇನ್ನೂ ಜಾಣ. ಬಾವಲಿಯ ಲೆಕ್ಕವೇ ತಪ್ಪುವಷ್ಟು ಒಂದೇ ಸಮ ಟಿಕಟಿಕ ಅನ್ನುತ್ತದೆ. ಇದು ಕಟ್ಟುಕಥೆಯಲ್ಲ, 2009ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಅಲ್ಲಿಯದೇ ಯುಟೆಥೀಸಾ ಆರ್ನಟ್ರಿಕ್ಸ್ ಎಂಬ ಇನ್ನೊಂದು ಹುಲಿ ಪತಂಗ ಮರಿಯಾಗಿದ್ದಾಗಲೇ ಸೆಣಬಿನ ಜಾತಿಯ ಗಿಡದ ವಿಷವನ್ನು ಮೈಗೆ ಇಳಿಸಿಕೊಂಡಿರುತ್ತದೆ. ಕೂಡುವಾಗ ಗಂಡು ಆ ವಿಷವನ್ನು ಹೆಣ್ಣಿಗೆ ದಾಟಿಸುತ್ತದೆ, ಹೆಣ್ಣು ಮೊಟ್ಟೆಗಳಿಗೆ ತುಂಬುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಜೆರಾಲ್ಡ್ ಮೈನ್‌ವಾಲ್ಡ್ ಈ ರಹಸ್ಯದ ಬೆನ್ನು ಹತ್ತಿ ವರ್ಷಗಟ್ಟಲೆ ಕೂತವರು.

ಇಂಥ ಜೀವಿಯ ಬಗ್ಗೆ ದೊಡ್ಡವರು ತಲೆ ಕೆಡಿಸಿಕೊಂಡದ್ದು ಅದು ಕುಟುಂಬವೋ ಉಪಕುಟುಂಬವೋ ಎಂದು.

ಕಥೆ ಶುರುವಾಗುವುದು ವಿಲಿಯಂ ಎಲ್ಫೋರ್ಡ್ ಲೀಚ್ ಎಂಬ ಇಂಗ್ಲೆಂಡಿನವನಿಂದ. 1815ರ ಸುಮಾರಿಗೆ ಎಡಿನ್‌ಬರೋದ ಒಂದು ವಿಶ್ವಕೋಶಕ್ಕೆ ಕೀಟಗಳ ಬಗ್ಗೆ ಲೇಖನ ಬರೆದ. ಅದರಲ್ಲಿ ಆರ್ಕ್ಟಿಯಿಡೇ ಹುಟ್ಟಿತು. ಅದೇ ಲೇಖನದಲ್ಲಿ ಎರೆಬಿಡೇ ಕೂಡ ಹುಟ್ಟಿತು. ಒಬ್ಬನೇ ತಂದೆ, ಒಂದೇ ಹೆರಿಗೆ. ಸುಮಾರು ಇನ್ನೂರು ವರ್ಷ ಇಬ್ಬರೂ ತಮ್ಮ ತಮ್ಮ ಪಾಡಿಗಿದ್ದರು. ಈಗ ಒಬ್ಬರು ಯಜಮಾನರು, ಇನ್ನೊಬ್ಬರು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಾರೆ.

ಅಲ್ಲಿಂದ ಮುಂದೆ ನಡೆದದ್ದೆಲ್ಲ ರೆಕ್ಕೆಯ ನರದ ರಾಜಕೀಯ. ಹಿಂದಿನ ರೆಕ್ಕೆಯಲ್ಲಿ ಒಂದು ನರ ಇದೆ. ಅದು ಗಟ್ಟಿಯಾಗಿದ್ದರೆ ಒಂದು ಬಣ, ಕೃಶವಾಗಿದ್ದರೆ ಇನ್ನೊಂದು ಬಣ. ಕಣಜದ ವೇಷ ಹಾಕಿ ಹಗಲಲ್ಲೇ ತಿರುಗುವ ಪತಂಗಗಳಿಗೆ ಸಿಂಟೋಮಿಡೇ ಎಂಬ ಪ್ರತ್ಯೇಕ ಕುಟುಂಬ ಕೊಟ್ಟಿದ್ದರು. ಆಮೇಲೆ ಕಿತ್ತುಕೊಂಡು ಉಪಕುಟುಂಬ ಮಾಡಿದರು. ಈಗ ಅದು ಉಪಕುಟುಂಬದೊಳಗಿನ ಒಂದು ಪಂಗಡ. ಮರದ ಕಲ್ಲುಹೂವು ತಿಂದು ಬದುಕುವ ಲಿಥೋಸಿಯಾಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಹಿಪ್ಸಿಡೇ ಎಂಬ ಕುಟುಂಬವಂತೂ ಹೇಳಹೆಸರಿಲ್ಲದೆ ಹೋಯಿತು. ಸದಸ್ಯರನ್ನು ಅಕ್ಕಪಕ್ಕದವರು ಹಂಚಿಕೊಂಡರು.

ಇನ್ನು ಈ ಶತಮಾನದ ಸಾಹಸ ಕೇಳಿ. 2005ರಲ್ಲಿ ಡೆನ್ಮಾರ್ಕಿನ ಮೈಕೆಲ್ ಫಿಬಿಗರ್ ಮತ್ತು ಕೆನಡಾದ ಡೊನಾಲ್ಡ್ ಲಫಾಂಟೇನ್ ಒಂದು ಪರಿಷ್ಕರಣೆ ಹೊರಡಿಸಿದರು. ಅದರಲ್ಲಿ ಆರ್ಕ್ಟಿಯಿಡೇ ಕುಟುಂಬ. 2006ರಲ್ಲಿ ಅದೇ ಇಬ್ಬರು ಇನ್ನೊಂದು ಪರಿಷ್ಕರಣೆ ಹೊರಡಿಸಿದರು. ಅದರಲ್ಲಿ ಆರ್ಕ್ಟಿಯಿಡೇ ಕುಟುಂಬವಲ್ಲ, ನಾಕ್ಟುಯಿಡೇ ಎಂಬ ಮಹಾಕುಟುಂಬದ ಒಂದು ಶಾಖೆ. 2010ರಲ್ಲಿ ಲಫಾಂಟೇನ್ ಇನ್ನೊಬ್ಬ ಸಹೋದ್ಯೋಗಿಯ ಜೊತೆ ಉತ್ತರ ಅಮೆರಿಕದ ಪಟ್ಟಿ ಮಾಡಿದರು. ಅದರಲ್ಲಿ ನಾಕ್ಟುಯಿಡೇ ಅಲ್ಲ, ಎರೆಬಿಡೇ. ಐದು ವರ್ಷದಲ್ಲಿ ಮೂರು ಮನೆ. ಬೆಂಗಳೂರಿನ ಬ್ಯಾಚುಲರ್‌ಗಳೂ ಇಷ್ಟು ಬೇಗ ಮನೆ ಬದಲಿಸುವುದಿಲ್ಲ.

2011ರಲ್ಲಿ ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ರೇಜಾ ಝಹೀರಿ ಮತ್ತು ಸಂಗಡಿಗರು ಎಂಟು ವಂಶವಾಹಿಗಳನ್ನು ಓದಿ ಎರೆಬಿಡೇಗೆ ಮುದ್ರೆ ಒತ್ತಿದರು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಸ್ಥಿರ ವರ್ಗೀಕರಣದ ಭರವಸೆ ಕೊಟ್ಟಿದ್ದಾರೆ. ಭರವಸೆಯ ಬೆಲೆ ನಮಗೆ ಗೊತ್ತಿಲ್ಲವೇ? ಐದು ವರ್ಷಕ್ಕೊಮ್ಮೆ ಪ್ರಣಾಳಿಕೆ ಓದುವವರು ನಾವು. 2016ರಲ್ಲಿ ಪ್ಯಾರಾಸೆಮಿಯಾ ಎಂಬ ಇಡೀ ಕುಲವನ್ನೇ ಆರ್ಕ್ಟಿಯಾ ಕುಲದೊಳಗೆ ವಿಲೀನ ಮಾಡಿದರು. ಅದರ ಜೊತೆ ಇನ್ನೂ ಹಲವು ಕುಲಗಳು ಹೋದವು. ಬ್ಯಾಂಕುಗಳ ವಿಲೀನಕ್ಕಾದರೂ ಒಂದು ದಿನ ಮುಷ್ಕರ ನಡೆದಿತ್ತು.

ಇಷ್ಟು ಬೈದ ಮೇಲೆ ನಿಜ ಹೇಳಿಬಿಡಬೇಕು. ವಿಜ್ಞಾನಿಗಳು ಮಾಡಿದ್ದು ಸರಿ.

ಒಂದು ಅಜ್ಜಿಯ ಸಂತಾನವನ್ನು ಒಂದು ಕುಟುಂಬ ಎನ್ನುವುದಾದರೆ ಅವಳ ಎಲ್ಲ ಮೊಮ್ಮಕ್ಕಳೂ ಅದರಲ್ಲಿರಬೇಕು. ಚೆಂದದ ನಾಲ್ವರನ್ನು ಎತ್ತಿ ಬೇರೆ ಕುಟುಂಬ ಮಾಡಿ, ಉಳಿದವರನ್ನು ಮಾತ್ರ ಅಜ್ಜಿಯ ಲೆಕ್ಕಕ್ಕೆ ಬರೆದರೆ ಅದು ವಂಶಾವಳಿಯಲ್ಲ, ಪಕ್ಷಪಾತ. ಹುಲಿ ಪತಂಗಗಳು ಎರೆಬಿಡೇಯ ಮೊಮ್ಮಕ್ಕಳು ಎಂದು ವಂಶವಾಹಿ ಹೇಳಿತು. ಒಳಗೆ ಸೇರಿಸಿದರು. ಗುಂಪು ಒಡೆಯಲಿಲ್ಲ. ಹುಲಿ ಪತಂಗಗಳೆಲ್ಲ ಮೊದಲಿನ ಹಾಗೇ ಒಟ್ಟಿಗಿವೆ, ಕುರ್ಚಿ ಮಾತ್ರ ಕೆಳಗಿಳಿಯಿತು. ಆಧಾರ ಸಿಕ್ಕಾಗ ತಾವೇ ಬರೆದದ್ದನ್ನು ತಾವೇ ಹೊಡೆದುಹಾಕಿದರು, ಅದೂ ಒಂದೇ ವರ್ಷದಲ್ಲಿ, ಹೆಸರು ಹಾಕಿಕೊಂಡು. ನಮ್ಮಲ್ಲಾಗಿದ್ದರೆ ಇಂಥದ್ದಕ್ಕೆ ಒಂದು ಆಯೋಗ, ನಾಲ್ಕು ಅವಧಿ ವಿಸ್ತರಣೆ, ಒಂದು ಸೋರಿಕೆಯಾದ ವರದಿ, ಆ ವರದಿ ವೈಜ್ಞಾನಿಕವಾಗಿಲ್ಲ ಎಂದು ಓದದೆಯೇ ಹೇಳುವ ಮೂವತ್ತು ಜನ ಬೇಕಿತ್ತು.

ನಗೆಪಾಟಲಾಗುವುದು ಮಾತ್ರ ಬದಲಾಯಿಸಿದವರು. ಬದಲಾಯಿಸದವರಿಗೆ ವಿದ್ವಾಂಸರೆಂಬ ಗೌರವ.

ಯಾವ ಪುಸ್ತಕದ ಅಂಗಡಿಗಾದರೂ ಹೋಗಿ, ಕೃಷಿ ಪರೀಕ್ಷೆಗಳಿಗೆ ಮಾರುವ ಕೀಟಶಾಸ್ತ್ರದ ಗೈಡು ತೆರೆದು ನೋಡಿ. ಕಂಬಳಿಹುಳುವಿನ ಮುಂದೆ ಆರ್ಕ್ಟಿಯಿಡೇ ಎಂದು ದಪ್ಪಕ್ಷರದಲ್ಲಿ ಕೂತಿರುತ್ತದೆ. ಹುಡುಗರು ಬಾಯಿಪಾಠ ಮಾಡುತ್ತಾರೆ. ತಿಳಿದ ಹುಡುಗಿ ಎರೆಬಿಡೇ ಎಂದು ಬರೆದರೆ ಉತ್ತರಪಟ್ಟಿಗೆ ಹೊಂದಲಿಲ್ಲ ಎಂದು ಅಂಕ ಹೋಗುತ್ತದೆ. ಮುಖಪುಟದಲ್ಲಿ ಮಾತ್ರ ‘ಪರಿಷ್ಕೃತ ಆವೃತ್ತಿ’. ಪರಿಷ್ಕಾರವಾದದ್ದು ಬೆಲೆ.

ಸೂರ್ಯಕಾಂತಿ, ಸೋಯಾ ಬೆಳೆಯುವ ರೈತರಿಗೆ ಬಿಹಾರ ಕಂಬಳಿಹುಳು ಗೊತ್ತು. ಎಲೆಯ ಅಡಿಗೆ ಗುಂಪಾಗಿ ಮೊಟ್ಟೆ. ಮರಿಗಳು ಒಟ್ಟಾಗಿ ಕೂತು ಎಲೆಯ ಹಸಿರು ಕೆರೆದು ಜಾಲರಿ ಮಾಡುತ್ತವೆ. ಅದರ ಶಾಸ್ತ್ರೀಯ ಹೆಸರು ಒಂದು ಪುಸ್ತಕದಲ್ಲಿ ಡಯಾಕ್ರಿಸಿಯಾ ಒಬ್ಲಿಕ್ವಾ, ಇನ್ನೊಂದರಲ್ಲಿ ಸ್ಪೈಲೋಸೋಮಾ ಒಬ್ಲಿಕ್ವಾ, ಮತ್ತೊಂದರಲ್ಲಿ ಸ್ಪೈಲಾರ್ಕ್ಟಿಯಾ ಒಬ್ಲಿಕ್ವಾ. ಒಂದೇ ಹುಳು. ಮೂರು ಹೆಸರಿನಲ್ಲಿ ಮೂರು ಕಡೆ ಸಂಶೋಧನೆ. ಹೊಸಬನೊಬ್ಬ ಒಂದೇ ಹೆಸರು ಹಿಡಿದು ಹುಡುಕಿದರೆ ಹಳೆಯ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಆಗ ಅದೇ ಪ್ರಯೋಗವನ್ನು ಮತ್ತೆ ಮಾಡಿ ಮತ್ತೊಂದು ಪಿಎಚ್‌ಡಿ ಪಡೆಯಬಹುದು. ಹಾಗಾಗಿ ಯಾರಿಗೂ ಬೇಸರವಿಲ್ಲ.

ಅದಕ್ಕೆ ಒಬ್ಲಿಕ್ವಾ ಎಂದು ಹೆಸರಿಟ್ಟವನು ಫ್ರಾನ್ಸಿಸ್ ವಾಕರ್. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ಸಾವಿರಾರು ಕೀಟಗಳಿಗೆ ನಾಮಕರಣ ಮಾಡಿದ ಮಹಾನುಭಾವ. ಒಂದೇ ಕೀಟಕ್ಕೆ ಎರಡು, ಮೂರು ಸಲ ಹೊಸ ಹೆಸರಿಟ್ಟದ್ದೂ ಇದೆ. ಆ ಗಂಟು ಬಿಡಿಸುವುದರಲ್ಲೇ ಮುಂದಿನ ಎಷ್ಟೋ ತಜ್ಞರ ಆಯುಷ್ಯ ಕಳೆಯಿತು.

ಹೆಸರಲ್ಲೇನಿದೆ ಅನ್ನುವ ಉದಾರಿಗಳಿಗೆ ಕರಾವಳಿಯ ಕಥೆ. ಅಲ್ಲಿ ಗುಡ್ಡ ಗುಡ್ಡವನ್ನೇ ನುಂಗಿದ ಕಮ್ಯುನಿಸ್ಟ್ ಗಿಡ ಇದೆಯಲ್ಲ, ಅದನ್ನು ತಿನ್ನಿಸಲು ಒಂದು ಹುಲಿ ಪತಂಗವನ್ನೇ ಕರೆತಂದರು. ಮೂಲ ಟ್ರಿನಿಡಾಡ್. 1970ರ ದಶಕದಲ್ಲಿ ಭಾರತದಲ್ಲಿ ಬಿಟ್ಟರು. ಮೊದಲು ನೆಲೆಯೂರಲಿಲ್ಲ. ವರ್ಷಗಟ್ಟಲೆ ವರದಿಗಳಲ್ಲಿ ಅದನ್ನು ಅಮ್ಮಾಲೋ ಇನ್ಸುಲಾಟಾ ಎಂದು ಬರೆದರು. ಅದು ಅಮ್ಮಾಲೋ ಇನ್ಸುಲಾಟಾ ಆಗಿರಲೇ ಇಲ್ಲ, ಪರಯೂಕೀಟೀಸ್ ಸ್ಯೂಡೋಇನ್ಸುಲಾಟಾ. ಸಾಗರ ದಾಟಿಸಿ ಕರೆತಂದ ಅತಿಥಿ ಯಾರು ಎಂಬುದೇ ಆತಿಥೇಯರಿಗೆ ಸರಿಯಾಗಿ ಗೊತ್ತಿರಲಿಲ್ಲ.

ಇದನ್ನು ಸರಿಪಡಿಸಬೇಕಾದವರು ವರ್ಗೀಕರಣ ತಜ್ಞರು. ಅವರೆಲ್ಲಿ? ಜೀವವೈವಿಧ್ಯದ ಸಮಾವೇಶಗಳಲ್ಲಿ ಅವರ ಬಗ್ಗೆ ಕಳವಳ ವ್ಯಕ್ತವಾಗುತ್ತದೆ. ಕಳವಳಕ್ಕೆ ಅನುದಾನವಿದೆ, ಹುದ್ದೆಗಿಲ್ಲ. ದಕ್ಷಿಣ ಭಾರತದ ಪತಂಗ ಗುರುತಿಸಲು ಕೂತವನು ಇವತ್ತಿಗೂ ಮೊದಲು ತೆರೆಯುವುದು ಸರ್ ಜಾರ್ಜ್ ಹ್ಯಾಂಪ್ಸನ್ ಬರೆದ ಸಂಪುಟಗಳನ್ನು. 1892ರಿಂದ 1896ರವರೆಗೆ ಬಂದ ನಾಲ್ಕು ಸಂಪುಟ. ಹ್ಯಾಂಪ್ಸನ್ ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ ಇಂಗ್ಲಿಷ್ ಜಮೀನ್ದಾರ. ಅವನು ಹೆಸರಿಟ್ಟ ಎಷ್ಟೋ ಪತಂಗಗಳ ಮೂಲ ಮಾದರಿಗಳು ಲಂಡನ್ನಿನ ಮ್ಯೂಸಿಯಂ ಕಪಾಟಿನಲ್ಲಿವೆ. ನಮ್ಮ ಘಟ್ಟದ ಪತಂಗ ಇದೇ ಹೌದೋ ಅಲ್ಲವೋ ಎಂದು ನೋಡಲು ನಮ್ಮ ಹುಡುಗನಿಗೆ ವೀಸಾ ಬೇಕು. ವಸಾಹತುಶಾಹಿಯ ವಿರುದ್ಧ ಭಾಷಣ ಮಾಡುವವರು ಈ ಕಪಾಟಿನ ವಿಷಯ ಎತ್ತಿದ್ದನ್ನು ನಾನಂತೂ ಕೇಳಿಲ್ಲ.

ಚಿಟ್ಟೆಯಾಗಿದ್ದರೆ ಈ ಗತಿ ಬರುತ್ತಿರಲಿಲ್ಲ. ಕರ್ನಾಟಕಕ್ಕೆ ರಾಜ್ಯ ಚಿಟ್ಟೆ ಇದೆ. ಚಿಟ್ಟೆಗೆ ಉದ್ಯಾನವಿದೆ, ಮಕ್ಕಳ ಪದ್ಯವಿದೆ, ಮದುವೆ ಕಾರ್ಡಿನಲ್ಲಿ ಜಾಗವಿದೆ. ಪತಂಗಕ್ಕೆ ದೀಪದಲ್ಲಿ ಸುಟ್ಟು ಸಾಯುವ ಉಪಮೆ ಬಿಟ್ಟರೆ ಬೇರೇನಿಲ್ಲ. ಜಗತ್ತಿನಲ್ಲಿ ಹೆಸರಿಟ್ಟ ಚಿಟ್ಟೆ ಪತಂಗಗಳೆಲ್ಲ ಸೇರಿ ಒಂದೂವರೆ ಲಕ್ಷದ ಮೇಲಿವೆ. ಅದರಲ್ಲಿ ಚಿಟ್ಟೆಗಳು ಇಪ್ಪತ್ತು ಸಾವಿರವೂ ಇಲ್ಲ. ಅಲ್ಪಸಂಖ್ಯಾತರಿಗೆ ಇಷ್ಟು ಉಪಚಾರ ಇಲ್ಲಿ ಇನ್ನೆಲ್ಲೂ ಕಂಡದ್ದಿಲ್ಲ.

ಟಿಕೆಟ್ ಮಾರುವಾಗ ಮಾತ್ರ ಪತಂಗವೂ ಚಿಟ್ಟೆಯಾಗುತ್ತದೆ. ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಪೆಟಲೂಡೆಸ್ ಎಂಬ ಕಣಿವೆ ಇದೆ. ಪ್ರವಾಸಿಗಳಿಗೆ ಅದು ‘ಚಿಟ್ಟೆಗಳ ಕಣಿವೆ’. ಅಲ್ಲಿರುವುದು ಯುಪ್ಲೇಜಿಯಾ ಕ್ವಾಡ್ರಿಪಂಕ್ಟೇರಿಯಾ, ಅಪ್ಪಟ ಹುಲಿ ಪತಂಗ. ಬೇಸಿಗೆಯ ಬಿಸಿಲಿಗೆ ಸಾವಿರಗಟ್ಟಲೆ ಬಂದು ತಂಪು ಮರಗಳಿಗೆ ಅಂಟಿ, ಮೈಯಲ್ಲಿರುವ ಕೊಬ್ಬನ್ನು ಉಳಿಸಿಕೊಂಡು ಕಾಲ ಕಳೆಯುತ್ತವೆ. ಮಡಿಸಿದ ರೆಕ್ಕೆ ಕಪ್ಪು ಬಿಳಿ ಪಟ್ಟೆ. ಹಾರಿದರೆ ಮಾತ್ರ ಹಿಂದಿನ ರೆಕ್ಕೆಯ ಕೆಂಪು ಕಾಣುತ್ತದೆ. ದುಡ್ಡು ಕೊಟ್ಟು ಬಂದವರು ಸುಮ್ಮನಿರುತ್ತಾರೆಯೇ? ಚಪ್ಪಾಳೆ ತಟ್ಟಿ, ಸಿಳ್ಳೆ ಹಾಕಿ ಎಬ್ಬಿಸಿದರು. ಎದ್ದು ಎದ್ದು ಹಾರಿ ಪತಂಗಗಳ ಶಕ್ತಿ ಬತ್ತಿತು, ಸಂಖ್ಯೆ ಇಳಿಯಿತು. ಈಗ ಸದ್ದು ಮಾಡಬೇಡಿ ಎಂದು ಫಲಕ ಹಾಕಿದ್ದಾರೆ. ಫಲಕ ಓದುವವರಾಗಿದ್ದರೆ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಇವುಗಳನ್ನು ಕಾಪಾಡಲು ಯುರೋಪ್ ಕಾನೂನನ್ನೇ ತಂದಿತು. 1992ರ ಆವಾಸಸ್ಥಾನ ನಿರ್ದೇಶನದ ಎರಡನೇ ಅನುಬಂಧ. ಅತ್ಯಂತ ಜರೂರಾಗಿ ಉಳಿಸಬೇಕಾದ ಜೀವಿಗಳ ಹೆಸರಿಗೆ ಅದರಲ್ಲಿ ನಕ್ಷತ್ರದ ಗುರುತು ಇದೆ. ನಮ್ಮ ಪತಂಗಕ್ಕೂ ನಕ್ಷತ್ರ ಸಿಕ್ಕಿತು. ಕುಲನಾಮದಲ್ಲಿ ಗೊಂದಲವಾಗಬಾರದೆಂದು ಕ್ಯಾಲಿಮಾರ್ಫಾ, ಯುಪ್ಲೇಜಿಯಾ, ಪನಾಕ್ಸಿಯಾ ಎಂದು ಮೂರೂ ಹೆಸರು ಬರೆದರು. ಎಂಥ ಮುತುವರ್ಜಿ! ಆದರೆ ಅಪಾಯದಲ್ಲಿದ್ದದ್ದು ರೋಡ್ಸ್ ದ್ವೀಪದ ಉಪಪ್ರಭೇದ, ರೋಡೋಸೆನ್ಸಿಸ್. ಅದೊಂದು ಪದವನ್ನು ಬರೆಯಲಿಲ್ಲ.

ಯುರೋಪಿನ ಉದ್ದಗಲಕ್ಕೂ ಕಾಡಂಚಿನಲ್ಲಿ, ರಸ್ತೆ ಬದಿಯಲ್ಲಿ, ಹಿತ್ತಿಲಲ್ಲಿ ಹಾರಾಡುವ ಇಡೀ ಪ್ರಭೇದ ಒಂದೇ ರಾತ್ರಿಯಲ್ಲಿ ಕಾನೂನಿನ ಪ್ರಕಾರ ಅಳಿವಿನಂಚಿಗೆ ಬಂತು. ವನ್ಯಜೀವಿ ರಕ್ಷಣೆಯ ಬರ್ನ್ ಒಪ್ಪಂದದ ತಜ್ಞರ ಗುಂಪು ಅಪಾಯವಿರುವುದು ರೋಡ್ಸ್‌ನ ಉಪಪ್ರಭೇದಕ್ಕೆ ಮಾತ್ರ ಎಂದು ಹೇಳಿಯೂ ಆಯಿತು. ನಕ್ಷತ್ರ ಅಲ್ಲೇ ಇದೆ. ಅದರ ಹೆಸರಿನಲ್ಲಿ ರಕ್ಷಿತ ಪ್ರದೇಶಗಳನ್ನು ಗುರುತಿಸಬೇಕು, ನಕ್ಷೆ ಬರೆಯಬೇಕು, ಲೆಕ್ಕ ಹಾಕಬೇಕು. ಸದಸ್ಯ ರಾಷ್ಟ್ರಗಳ ಅಧಿಕಾರಿಗಳು ಆರು ವರ್ಷಕ್ಕೊಮ್ಮೆ ಈ ಪತಂಗದ ಸ್ಥಿತಿಗತಿಯ ವರದಿ ಕಳಿಸುತ್ತಾರೆ. ಹಿತ್ತಿಲಿಗೆ ಹೋಗಿ ನೋಡಿಕೊಂಡು ಬಂದು.