ಮೀಟರಿಲ್ಲದ ಊರಿನ ಗಾಳಿ

2020ರ ಏಪ್ರಿಲ್‌ನಲ್ಲಿ ಕೊರೊನಾ ಲಾಕ್‌ಡೌನಿನ ಹೊತ್ತಲ್ಲಿ ಪಂಜಾಬಿನ ಜಲಂಧರದವರು ಮಾಳಿಗೆ ಹತ್ತಿ, ದಶಕಗಳ ನಂತರ ಧೌಲಾಧಾರ್ ಹಿಮಪರ್ವತ ಕಂಡರು. ದೇಶಕ್ಕೆ ದೇಶವೇ ಕಣ್ಣರಳಿಸಿತು. ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ಬೆಳುಗುಪ್ಪದಲ್ಲಿ ಮಾಳಿಗೆ ಹತ್ತಿದವರಿಗೆ ಕಂಡದ್ದು ಉರವಕೊಂಡದ ಕಡೆಯ ಗಾಳಿಯಂತ್ರ, ಬೋಳು ಶೇಂಗಾ ಹೊಲ, ಮತ್ತು ಬೆಂಗಳೂರಿಗೆ ಗಾರೆ ಕೆಲಸಕ್ಕೆಂದು ಗುಳೆ ಹೋಗಿ ಗಂಟುಮೂಟೆ ಹೊತ್ತು ವಾಪಸ್ ಬರುತ್ತಿದ್ದ ಜನ. ಈ ನೋಟದ ಫೋಟೋವನ್ನು ಯಾರೂ ಹಂಚಿಕೊಳ್ಳಲಿಲ್ಲ.

ಬೆಂಗಳೂರಿನ ಗಾಳಿ ಆಗ ನಿಜಕ್ಕೂ ಸುಧಾರಿಸಿತ್ತು. ಎಂಬತ್ತು ಲಕ್ಷಕ್ಕೂ ಮೀರಿದ ವಾಹನಗಳಲ್ಲಿ ಬಹುಪಾಲು ಮನೆ ಮುಂದೆ ನಿಂತಮೇಲೆ ನೈಟ್ರೋಜನ್ ಡೈಆಕ್ಸೈಡ್ ಸರ್ರನೆ ಇಳಿಯಿತು, ಸೂಕ್ಷ್ಮ ಧೂಳೂ ಇಳಿಯಿತು. ಉಸಿರಿಗೆ ಕೆಟ್ಟದ್ದಾದ ಓಝೋನ್ ಮಾತ್ರ ದೇಶದ ಹಲವು ನಗರಗಳಲ್ಲಿ ಏರಿತು. ಅದನ್ನು ತಿಂದುಹಾಕುತ್ತಿದ್ದದ್ದು ವಾಹನದ ಹೊಗೆಯೇ. ಹೊಗೆಯೂ ಇಷ್ಟು ದಿನ ಒಂದು ಪುಣ್ಯದ ಕೆಲಸ ಮಾಡಿಕೊಂಡಿತ್ತು, ಪಾಪ. ಬಾಲ್ಕನಿಯಲ್ಲಿ ನಿಂತವರು ನೀಲಿ ಆಕಾಶದ ಚಿತ್ರ ತೆಗೆದು, ಪ್ರಕೃತಿ ಗುಣವಾಗುತ್ತಿದೆ ಎಂದು ಬರೆದರು. ಆ ಬಾಲ್ಕನಿಗೆ ಸೆಂಟ್ರಿಂಗ್ ಕಟ್ಟಿದವನು ಅಷ್ಟುಹೊತ್ತಿಗೆ ಹೆದ್ದಾರಿಯಲ್ಲಿ ನಡೆಯುತ್ತಿದ್ದ. ಅವನೂ ಪ್ರಕೃತಿಯ ರೋಗಗಳಲ್ಲಿ ಒಂದಿರಬೇಕು, ಅವನು ಹೋದಮೇಲೆಯೇ ಅಲ್ಲವೇ ಅದು ಗುಣವಾದದ್ದು.

ಆದರೆ ಬರೀ ಶುದ್ಧ ಗಾಳಿಯನ್ನು ಚದರಡಿ ಲೆಕ್ಕದಲ್ಲಿ ಮಾರಲಾಗುವುದಿಲ್ಲ. ಮೇ 5ರಂದು ಕರ್ನಾಟಕದ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ ಕರ್ನಾಟಕ ಸರ್ಕಾರ, ವಲಸೆ ಕಾರ್ಮಿಕರಿಗೆ ಕೇಳಿದ್ದ ಶ್ರಮಿಕ್ ರೈಲು ಬೇಡವೆಂದು ರೈಲ್ವೆಗೆ ಬರೆಯಿತು. ನಗರ ಶುದ್ಧವಾದದ್ದು ಸಾಕು, ಇನ್ನು ಧೂಳೆಬ್ಬಿಸುವವರು ಬೇಕು. ಊರು ತುಂಬ ಛೀಮಾರಿ ಬಿದ್ದಮೇಲೆ ರೈಲು ಮತ್ತೆ ಹಳಿಗೆ ಬಂತು.

ಅದೇ ಮೇ 7ರ ನಸುಕಿನಲ್ಲಿ ನಮ್ಮ ರಾಜ್ಯದ ವಿಶಾಖಪಟ್ಟಣದಲ್ಲಿ, ಲಾಕ್‌ಡೌನ್ ಮುಗಿಸಿ ಮತ್ತೆ ಶುರುವಾಗಲು ಹೊರಟಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ, ಮಲಗಿದ್ದ ಜನ ಬೀದಿಯಲ್ಲಿ ಕುಸಿದು ಬಿದ್ದರು, ಹನ್ನೆರಡು ಮಂದಿ ಸತ್ತರು. ಇದರ ಬಗ್ಗೆ ತಮಾಷೆ ಬರೆಯಲು ನನಗೆ ಬರುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯಕ್ಕೆ ಬರುತ್ತದೆ: ದೇಶಕ್ಕೆ ಬೀಗ ಬೀಳುವ ಎರಡು ದಿನ ಮೊದಲು, ಮಾರ್ಚ್ 23ರ ತಾರೀಕು ಹಾಕಿ, ಕಾರ್ಖಾನೆಗಳ ಪರಿಸರ ಪರಿಶೀಲನೆಯನ್ನು ಸಡಿಲ ಮಾಡುವ ಕರಡು ಅಧಿಸೂಚನೆಯನ್ನು ಅದು ಸಿದ್ಧಮಾಡಿಟ್ಟಿತ್ತು. ಆಕ್ಷೇಪಣೆ ಇದ್ದರೆ ಸಲ್ಲಿಸಿ ಎಂದು, ಹೊಸ್ತಿಲು ದಾಟಿದರೆ ಲಾಠಿ ಬೀಳುವ ಕಾಲದಲ್ಲಿ ಜನರನ್ನು ಕೇಳಿತು.

ನಮ್ಮ ಸೀಮೆಯಲ್ಲಿ ಲಾಕ್‌ಡೌನಿನಿಂದ ಒಂದು ಉಪಕಾರವಾಯಿತು, ಅದನ್ನು ಹೇಳದಿದ್ದರೆ ಕೃತಘ್ನತೆ. ರಾಯದುರ್ಗದ ಪಕ್ಕದ ಡಿ. ಹಿರೇಹಾಳು ಮಂಡಲದ ಓಬಳಾಪುರಂ ಗಣಿಗಳಲ್ಲಿ ಆಂಧ್ರ-ಕರ್ನಾಟಕಗಳ ಗಡಿಗುರುತುಗಳನ್ನೇ ಅಳಿಸಿದರೆಂದು ಸಿಬಿಐ ಆರೋಪಿಸಿತ್ತು. ಗಡಿ ಎಲ್ಲಿದೆಯೆಂದು ಅಧಿಕಾರಿಗಳು, ಸರ್ವೆಯವರು, ಕೋರ್ಟುಗಳು ವರ್ಷಗಟ್ಟಲೆ ಹುಡುಕಿದರು. 2020ರ ಮಾರ್ಚಿನಲ್ಲಿ ಅದು ಕಾನ್‌ಸ್ಟೇಬಲ್ ಒಬ್ಬರಿಗೆ ಒಂದೇ ಬೆಳಿಗ್ಗೆ ಸಿಕ್ಕಿತು: ಎರಡು ಬ್ಯಾರಿಕೇಡು, ಒಂದು ಲಾಠಿ. ಅದಿರಿನ ಲಾರಿಗೆ ಕಾಣದ ಗೆರೆ, ಬಳ್ಳಾರಿ ಆಸ್ಪತ್ರೆಗೆ ಹೊರಟ ಬೈಕಿಗೆ ಗೋಡೆಯಾಯಿತು. ಆ ಕಡೆಗೆ ಹೋಗಲು ಕರ್ನಾಟಕದ ಸೇವಾ ಸಿಂಧು ಪಾಸು, ಈ ಕಡೆಗೆ ಬರಲು ಆಂಧ್ರದ ಸ್ಪಂದನ ಪಾಸು. ಎರಡೂ ಇಲ್ಲದೆ ಓಡಾಡಿದ್ದು ಗಾಳಿಯೊಂದೇ.

ಆ ಗಾಳಿ ಹೇಗಿತ್ತು ಎಂದು ಮಾತ್ರ ಕೇಳಬೇಡಿ. ಗ್ರಾಮ ಸಚಿವಾಲಯದ ವಾಲಂಟೀರು ಮನೆಮನೆಗೆ ಬಂದು ಹೊರಗಿನಿಂದ ಯಾರು ಬಂದರು, ಜ್ವರವಿದೆಯೇ, ಕೆಮ್ಮಿದೆಯೇ ಎಂದೆಲ್ಲ ಬರೆದುಕೊಂಡರು. ಗಾಳಿಗೆ ಕಾಲಂ ಇರಲಿಲ್ಲ. ಅದನ್ನು ಅಳೆಯುವ ಯಂತ್ರ ಬಹುಮಟ್ಟಿಗೆ ನಗರಗಳಿಗೆ ಮಾತ್ರ. ಗಾಳಿ ಕೆಟ್ಟಿದೆ ಎಂದು ಅನ್ನಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ನಮ್ಮ ಜಿಲ್ಲಾ ಕೇಂದ್ರ ಅನಂತಪುರಕ್ಕೆ ಆ ಯೋಗ್ಯತೆ ಬಂದಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಸಾಲಿನಲ್ಲೇ ಅದೂ ಕೂತಿದೆ. ಬೆಳುಗುಪ್ಪದ ಗಾಳಿ ಸರ್ಕಾರಿ ಲೆಕ್ಕದಲ್ಲಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕಟ್ಟಿಗೆ ಒಲೆಯ ಮುಂದೆ ಕೂತವಳ ಕೆಮ್ಮು ಅವಳ ಸ್ವಂತ ವಿಷಯ.

ಲಾಕ್‌ಡೌನ್ ಒಂದು ಪಾಠವನ್ನು ಬಿಟ್ಟಿಯಾಗಿಯೇ ಕಲಿಸಿಹೋಗಿತ್ತು: ಎಂಜಿನ್ನು, ಚಿಮಣಿ ನಿಂತರೆ ಗಾಳಿ ಸುಧಾರಿಸುತ್ತದೆ. ದೊಡ್ಡವರು ಅದನ್ನು ಹೇಗೆ ಓದಿಕೊಂಡರು ನೋಡಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ತೆಗೆದ ಲೆಕ್ಕದಂತೆ, ಆ ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ಶೇ. 64ರಷ್ಟು ರಸ್ತೆಯ ಧೂಳಿಗೆ ಹೋಯಿತು. ಕೈಗಾರಿಕೆಯ ಹೊಗೆಗೆ ಶೇ. 0.61. ಚಿಮಣಿ ಎತ್ತರದಲ್ಲಿರುತ್ತದೆ, ಕೈಗೆಟುಕುವುದಿಲ್ಲ. ಧೂಳು ಕಾಲ ಕೆಳಗೇ ಬಿದ್ದಿರುತ್ತದೆ, ಅದಕ್ಕೆ ಯೂನಿಯನ್ನೂ ಇಲ್ಲ, ಅಸೋಸಿಯೇಷನ್ನೂ ಇಲ್ಲ, ಮುಖ್ಯಮಂತ್ರಿಯ ಭೇಟಿಗೂ ಹೋಗುವುದಿಲ್ಲ.

ಧೂಳಿನ ಖರ್ಚಿನಲ್ಲಿ ಗುಡಿಸುವ ಯಂತ್ರಗಳ ಜೊತೆಗೆ ರಸ್ತೆಗೆ ನೀರು ಚಿಮುಕಿಸುವ ಟ್ಯಾಂಕರುಗಳೂ ಬರುತ್ತವೆ. ಮಳೆಯ ಬಡತನಕ್ಕೆ ಹೆಸರಾದ ಜಿಲ್ಲೆ ನಮ್ಮದು. ಇಲ್ಲಿ ಬೇಸಿಗೆಯಲ್ಲಿ ಬಿಂದಿಗೆಗಳು ಸಾಲುಗಟ್ಟಿ ನಿಲ್ಲುತ್ತವೆ. ಈ ಟ್ಯಾಂಕರಿನ ಸುದ್ದಿಯನ್ನು ಕಟ್ಟೆಯ ಮೇಲೆ ಓದಿ ಹೇಳಿದಾಗ ಹಿರಿಯರೊಬ್ಬರು ಬೀಡಿ ಆರಿಸಿ ಅಂದರು: "ಹಂಗಾದ್ರೆ ನಮ್ಮನ್ನೂ ಧೂಳು ಅಂತ ಬರೆಸಿಬಿಡಪ್ಪ, ಟ್ಯಾಂಕರಾದ್ರೂ ಬರ್ಲಿ."