ಮೊಬೈಲ್ ಭಾವ

ಹೊಸ ಫೋನ್ ಕೊಳ್ಳಬೇಕು ಅನ್ನಿಸಿದವರು ನಮ್ಮ ಮನೆಯಲ್ಲಿ ಮೊದಲು ಅಂಗಡಿಗೆ ಹೋಗುವುದಿಲ್ಲ, ಭಾವನ ಹತ್ತಿರ ಹೋಗುತ್ತಾರೆ. ಬೇರೆಯವರ ಮನೆಗಳಲ್ಲಿ ಈ ಸ್ಥಾನ ಚಿಕ್ಕಪ್ಪನದೋ ಸೋದರಳಿಯನದೋ ಇರಬಹುದು. ಆಫೀಸಿನಲ್ಲಾದರೆ ಪಕ್ಕದ ಟೇಬಲ್ಲಿನವರದು, ಅಪಾರ್ಟ್‌ಮೆಂಟಿನಲ್ಲಾದರೆ ಸಂಘದ ಖಜಾಂಚಿಯದು. ನಮಗೆ ಒದಗಿದವರು ಅಕ್ಕನ ಗಂಡ. ಸಾಗರದ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅದು ಹೊಟ್ಟೆಪಾಡು. ಉದ್ಯೋಗ ಎಂದು ಅವರು ತಿಳಿದುಕೊಂಡಿರುವುದು ಇದನ್ನೇ.

ಭಾವನನ್ನು ನೇರವಾಗಿ ಕೇಳಬಹುದು, ನೇರವಾದ ಉತ್ತರ ಮಾತ್ರ ಸಿಗುವುದಿಲ್ಲ.

"ಬಜೆಟ್ ಎಷ್ಟು?"

"ಹದಿನೈದು ಸಾವಿರ, ಭಾವ."

"ಹದಿನೈದಕ್ಕೆ ಒಳ್ಳೇದೇ ಸಿಗ್ತದೆ. ಆದ್ರೆ ಇನ್ನೆರಡು ಸಾವಿರ ಹಾಕಿದ್ಯೋ, ಡಿಸ್‌ಪ್ಲೇ ಅಮೋಲೆಡ್ ಬರ್ತದೆ. ಅಲ್ಲಿಗೆ ಹೋದ ಮೇಲೆ ಇಪ್ಪತ್ತರ ತನಕ ಹೋಗದೇ ಇರೋದು ದಡ್ಡತನ. ಪ್ರೊಸೆಸರ್ರೇ ಬೇರೆ."

ಇಪ್ಪತ್ತರಿಂದ ಇಪ್ಪತ್ತಾರಕ್ಕೆ, ಅಲ್ಲಿಂದ ಮೂವತ್ತನಾಲ್ಕಕ್ಕೆ ಹತ್ತಿಸುತ್ತಾರೆ. ಕೇಳಿದವನು ಬ್ಯಾಂಕಿನ ಸಾಲವನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ, ಉಸಿರು ಬಿಗಿಹಿಡಿದು ಆಯಿತು ಎನ್ನುವಷ್ಟರಲ್ಲಿ ಭಾವ ಕನ್ನಡಕ ತೆಗೆದು, "ಅಲ್ಲ ಮಾರಾಯ, ನೀನು ಮಾಡೋದು ವಾಟ್ಸಾಪು, ನೋಡೋದು ಕ್ರಿಕೆಟ್ಟು. ಅದಕ್ಕೆ ಮೂವತ್ತನಾಲ್ಕು ಸಾವಿರ ಯಾಕೆ? ಹದಿನೈದರದ್ದೇ ಸಾಕು" ಎನ್ನುತ್ತಾರೆ. ಅವನು ಇಳಿದು ಬಂದು ನೆಮ್ಮದಿಯಾಗಿ ಕೂತ ಮೇಲೆ ಒಂದು ಮಾತು ಸೇರಿಸುತ್ತಾರೆ: "ಆದ್ರೆ ಈಗ ತಗೋಬೇಡ."

ಈ 'ಈಗ ಬೇಡ'ಕ್ಕೆ ಹನ್ನೆರಡು ತಿಂಗಳಿಗೂ ಆಧಾರವಿದೆ. ಜನವರಿ–ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್‌ನವರ ದೊಡ್ಡ ಮಾಡೆಲ್ ಬರುತ್ತದೆ, ಹಳೆಯದು ಇಳಿಯಲಿ. ಅದು ಇಳಿಯುವ ಹೊತ್ತಿಗೆ ಬಾರ್ಸಿಲೋನಾದ ಮೊಬೈಲ್ ಜಾತ್ರೆ ಬಂತು, ಅಲ್ಲಿ ಏನು ತೋರಿಸುತ್ತಾರೋ ನೋಡೋಣ. ಬೇಸಿಗೆಯಲ್ಲಿ ತೋಟದ ಖರ್ಚು. ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವದ ಸೇಲ್ ಇದೆ, ಆದರೆ ಸೆಪ್ಟೆಂಬರಿಗೆ ಐಫೋನ್ ಬಂದಾಗ ಎಲ್ಲರ ಬೆಲೆಯೂ ಅಲ್ಲಾಡುತ್ತದೆ. ನವರಾತ್ರಿಗೆ ಆನ್‌ಲೈನಿನಲ್ಲಿ ಭಾರೀ ರಿಯಾಯಿತಿ, ಆದರೆ ಅದು ಹಳೇ ಸ್ಟಾಕ್ ಖಾಲಿ ಮಾಡುವ ಉಪಾಯ. ಹೊಸ ಚಿಪ್ ಹಾಕಿದ ಫೋನುಗಳು ನವೆಂಬರ್ ಬಂದ ಮೇಲೆ. ಅಷ್ಟೊತ್ತಿಗೆ ಮತ್ತೆ ಜನವರಿ. ಮದುವೆಗೆ ಆಷಾಢ ಒಂದು ತಿಂಗಳು ಅಡ್ಡ, ಫೋನಿಗೆ ಹನ್ನೆರಡೂ ಆಷಾಢವೇ. ಭಾವನ ಸ್ವಂತ ಫೋನಿನ ಚಾರ್ಜರ್ ವೈರನ್ನು ಎಡಕ್ಕೆ ಬಗ್ಗಿಸಿ, ಮೇಲೊಂದು ಪಂಚಾಂಗ ಹೇರಿದರೆ ಮಾತ್ರ ಚಾರ್ಜ್ ಏರುವುದು ಈ ಕಾರಣಕ್ಕೇ. ಅವರು ಕಾಯುತ್ತಿದ್ದಾರೆ.

ಈ ವಿದ್ಯೆ ಅವರಿಗೆ ಒಂದು ದಿನದಲ್ಲಿ ಬಂದದ್ದಲ್ಲ. ಒಳಬರುವ ಕರೆಗೂ ದುಡ್ಡು ಕೊಡುತ್ತಿದ್ದ ಕಾಲ 2003ರಲ್ಲಿ ಮುಗಿಯಿತಲ್ಲ, ಆ ಹೊತ್ತಿಗೆ ಟಾರ್ಚ್ ಇದ್ದ ನೋಕಿಯಾ 1100 ಹಿಡಿದು ಸ್ಪೈಸ್ ಸಿಮ್ ಹಾಕಿಸಿಕೊಂಡವರು. ಸ್ಪೈಸನ್ನು 2008ರಲ್ಲಿ ಐಡಿಯಾ ಕೊಂಡಿತು, ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಸೇರಿತು, 2020ರಲ್ಲಿ ಎರಡೂ ಸೇರಿ 'ವಿ' ಆದವು. ಕೂತ ಜಾಗದಿಂದ ಅಲ್ಲಾಡದೆ ನಾಲ್ಕು ಹೆಸರಿನ ಗಿರಾಕಿಯಾಗಬಹುದಾಗಿತ್ತು. ಭಾವ ಹಾಗೆ ಕೂರುವ ಜಾತಿಯವರಲ್ಲ. 2011ರ ಜನವರಿ 20ರಂದು, ನಂಬರ್ ಬದಲಿಸದೆ ಕಂಪನಿ ಬದಲಿಸುವ ಅವಕಾಶ ದೇಶಕ್ಕೆಲ್ಲ ಸಿಕ್ಕಿತು. ದೇಶಕ್ಕೆ ಅದು ಸೌಲಭ್ಯ, ಭಾವನಿಗೆ ದೀಕ್ಷೆ. 1900ಕ್ಕೆ ಮೆಸೇಜು, ಬದಲಿಗೆ ಬರುವ ಎಂಟಕ್ಷರದ ಕೋಡು, ಛತ್ರಿ ನೆಟ್ಟು ಕೂತ ಹುಡುಗನಿಂದ ಹೊಸ ಸಿಮ್ಮು. ಒಮ್ಮೆ ಪೋರ್ಟ್ ಆದವರು 90 ದಿನ ಕಳೆಯದೆ ಮತ್ತೆ ಆಗುವಂತಿಲ್ಲ. ಹಾಗಾಗಿ ಅವರ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನಮ್ಮೆಲ್ಲರ ತೊಂಬತ್ತೊಂದನೇ ದಿನಗಳಿಗೆ ಕೆಂಪು ಶಾಯಿಯ ಸುತ್ತು ಬಿದ್ದಿರುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಎಲ್ಲವನ್ನೂ ಪುಕ್ಕಟೆ ಕೊಡಲು ಹೊರಟಾಗ ಮನೆಮಂದಿಯ ಆಧಾರ್ ಪ್ರತಿಗಳನ್ನು ದಾರ ಕಟ್ಟಿ ಒಯ್ದು ಸಾಲಿನಲ್ಲಿ ನಿಂತವರೂ ಇವರೇ. ಡಿಸೆಂಬರ್ ಕೊನೆಗೆ ಮುಗಿಯಬೇಕಿದ್ದ ಆ ಪುಕ್ಕಟೆ ಮಾರ್ಚ್ 31ರವರೆಗೆ ಮುಂದುವರಿದಾಗ, ಸಲಹೆ ಕೊಟ್ಟಿದ್ದು ತಾವೇ ಎನ್ನುವ ಹಾಗೆ ಓಡಾಡಿದರು.

ಆದರೆ ಅವರ ಪಾಂಡಿತ್ಯದ ಶಿಖರವೆಂದರೆ ಪ್ಲಾನು. ಇದರಲ್ಲಿ ನಾನು ಅವರ ಶಿಷ್ಯ.

"ಸೌರಮಾನ ಗೊತ್ತು, ಚಾಂದ್ರಮಾನ ಗೊತ್ತು. ಇದು ಕಂಪನಿಮಾನ," ಎಂದು ಶುರುಮಾಡುತ್ತಾರೆ. "ಚಂದ್ರನ ತಿಂಗಳಿಗೂ ಇಪ್ಪತ್ತೊಂಬತ್ತೂವರೆ ದಿನ ಇದೆ. ಇವರ ತಿಂಗಳಿಗೆ ಇಪ್ಪತ್ತೆಂಟೇ. ವರ್ಷಕ್ಕೆ ಹದಿಮೂರು ಸಲ ಕರೆನ್ಸಿ ಹಾಕಿಸ್ಬೇಕು. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಎರಡೂಮುಕ್ಕಾಲು ವರ್ಷಕ್ಕೊಂದು. ಇವರ ಪಂಚಾಂಗದಲ್ಲಿ ಪ್ರತಿ ವರ್ಷವೂ ಅಧಿಕಮಾಸ!"

ಮೂವತ್ತು ದಿನದ ಪ್ಲಾನ್ ಒಂದನ್ನಾದರೂ, ತಿಂಗಳು ತಿಂಗಳು ಅದೇ ತಾರೀಕಿಗೆ ಬರುವ ಪ್ಲಾನ್ ಒಂದನ್ನಾದರೂ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರ ಜನವರಿಯಲ್ಲಿ ಕಂಪನಿಗಳಿಗೆ ಹೇಳಿದ ದಿನ ಅಕ್ಕ ಪಾಯಸ ಮಾಡಬೇಕಾಯಿತು. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಟ್ಟಿಗೆ ದರ ಏರಿಸಿದಾಗ ಮನೆಯಲ್ಲಿ ಸೂತಕದ ಕಳೆ. ಆಗಿನ ಒಂದು ಲೆಕ್ಕ ಅವರ ಬಾಯಲ್ಲೇ ಇದೆ. 28 ದಿನಕ್ಕೆ 299 ರೂಪಾಯಿ ಎಂದರೆ ದಿನಕ್ಕೆ ಹತ್ತು ರೂಪಾಯಿ ಅರವತ್ತೆಂಟು ಪೈಸೆ. ಅದೇ ಡೇಟಾ 84 ದಿನಕ್ಕೆ 799 ಎಂದರೆ ಒಂಬತ್ತು ರೂಪಾಯಿ ಐವತ್ತೊಂದು ಪೈಸೆ. ವರ್ಷಕ್ಕೆ ನಾನೂರಿಪ್ಪತ್ತೈದು ರೂಪಾಯಿ ಉಳಿತಾಯ. ಇದನ್ನು ಅವರು ತೋಟಕ್ಕೆ ಬರುವ ಆಳುಮಗನಿಗೂ ಹೇಳಿದರು. ಅವನು ಪೂರ್ತಿ ಕೇಳಿ, "ಭಟ್ರೇ, ಎಂಟುನೂರು ಒಟ್ಟಿಗೆ ಇದ್ದಿದ್ರೆ ನಂಗೂ ಲೆಕ್ಕ ಬರ್ತಿತ್ತು" ಅಂದ. ಭಾವನ ಕೋಷ್ಟಕದಲ್ಲಿ ಆ ಮಾತಿಗೆ ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಿನಕ್ಕೆ ಒಂದೂವರೆ ಜಿಬಿ ಎಂಬುದು ಅವರಿಗೆ ಇನ್ನೊಂದು ಸಂಕಟ. ಉಳಿದದ್ದು ರಾತ್ರಿ ಹನ್ನೆರಡಕ್ಕೆ ಹೋಗಿಬಿಡುತ್ತದೆ. ಎಲೆಯಲ್ಲಿ ಒಂದಗಳು ಬಿಟ್ಟರೂ ಅಜ್ಜಿಯ ಕೈಯಲ್ಲಿ ಬೈಸಿಕೊಂಡು ಬೆಳೆದವರಿಗೆ ಇದು ತಡೆಯುತ್ತದೆಯೇ? ಹನ್ನೊಂದೂವರೆಗೆ ಎದ್ದು ಕೂತು, ಅತಿ ಹೆಚ್ಚು ಡೇಟಾ ತಿನ್ನುವ ಗುಣಮಟ್ಟಕ್ಕೆ ಇಟ್ಟು, ನಯಾಗರ ಜಲಪಾತದ ವಿಡಿಯೋ ನೋಡುತ್ತಾರೆ. ಜೋಗ ಮೂವತ್ತು ಕಿಲೋಮೀಟರ್ ದೂರದಲ್ಲಿದೆ, ಅಲ್ಲಿಗೆ ಹೋಗಿ ಎಷ್ಟೋ ವರ್ಷವಾಯಿತು.

ಕ್ಯಾಮೆರಾದ ಬಗ್ಗೆ ಅವರ ಅಭಿಪ್ರಾಯ ಚಿಕ್ಕದು. ಐವತ್ತು ಮೆಗಾಪಿಕ್ಸೆಲ್ ಎಂದು ಹೇಳಿ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ, ಸಾಮಾನ್ಯವಾಗಿ ಹನ್ನೆರಡೂವರೆಯ ಚಿತ್ರ ಕೊಡುತ್ತಾರೆ. ನೂರೆಂಟು ಎಂದವರು ಒಂಬತ್ತು ಸೇರಿಸುತ್ತಾರೆ. ಇನ್ನು ಅಗ್ಗದ ಫೋನಿನ ಬೆನ್ನ ಮೇಲಿರುವ ಎರಡು ಮೆಗಾಪಿಕ್ಸೆಲಿನ ಮೂರನೇ ಕಣ್ಣು? "ಲೆಕ್ಕಕ್ಕುಂಟು, ಆಟಕ್ಕಿಲ್ಲ."

ಇಷ್ಟೆಲ್ಲ ಕೇಳಿಸಿಕೊಂಡವರು ಮಾಡುವುದೇನು? ಬೆಂಗಳೂರಿನಲ್ಲಿರುವ ಮಗ ಹೇಳಿದ ಫೋನನ್ನೋ, ಅಂಗಡಿಯ ಹುಡುಗ ಕೈಗಿಟ್ಟದ್ದನ್ನೋ ತರುತ್ತಾರೆ. ಚೆನ್ನಾಗಿದ್ದರೆ ಅದು ಅವರದೇ ಆಯ್ಕೆ. ಬಿಸಿಯಾದರೆ, ಹ್ಯಾಂಗ್ ಆದರೆ, ಎರಡು ವರ್ಷಕ್ಕೆ ಅಪ್‌ಡೇಟ್ ನಿಂತರೆ, 'ಭಾವನನ್ನು ಕೇಳಿಯೇ ತಗೊಂಡಿದ್ದು'. ಭಾವ ಈ ಅಪವಾದವನ್ನು ಗೌರವದಂತೆ ಸ್ವೀಕರಿಸುತ್ತಾರೆ. ನನಗನ್ನಿಸುವುದೇನೆಂದರೆ, ತಪ್ಪು ಅವರ ತಲೆಯದ್ದಲ್ಲ. ಒಂದೇ ಕಂಪನಿ ಒಂದೇ ಫೋನಿಗೆ ಪ್ಲಸ್, ಪ್ರೊ, ಲೈಟ್, ಅಲ್ಟ್ರಾ ಎಂದು ಬಾಲ ಅಂಟಿಸಿ, ಒಂದರ ಬಾಲ ಇನ್ನೊಂದರ ಬೆಲೆಗೆ ಸಿಕ್ಕಿಕೊಳ್ಳುವಂತೆ ಮಾಡಿ ಮಾರುವಾಗ, ಆ ಗಂಟು ಬಿಡಿಸುತ್ತ ಕೂರುವವನೊಬ್ಬ ಪ್ರತಿ ಮನೆಯಲ್ಲಿ ಹುಟ್ಟಲೇಬೇಕು.

ಭಾವನ ನಿಜವಾದ ಪರೀಕ್ಷೆ ನಡೆದದ್ದು ಕಳೆದ ಮಳೆಗಾಲದಲ್ಲಿ, ನಮ್ಮ ದೊಡ್ಡಮ್ಮನ ಫೋನು ಬಚ್ಚಲ ಹಂಡೆಗೆ ಬಿದ್ದಾಗ.

"ಅತ್ತೆ, ನೀರು ಬಿಸಿ ಇತ್ತಾ, ತಣ್ಣಗಿತ್ತಾ?"

"ಸ್ನಾನಕ್ಕೆ ಕಾಯಿಸಿದ ಹಂಡೆ ಅಳಿಯಂದ್ರೇ, ತಣ್ಣಗೆ ಹ್ಯಾಗಿರ್ತದೆ?"

ನೀರು ತಡೆಯುವ ಫೋನಿಗೆ ಕೊಡುವ ಐಪಿ 68 ಎಂದರೆ ಆರು ಧೂಳಿಗೆ, ಎಂಟು ನೀರಿಗೆ. ಪರೀಕ್ಷೆ ಮಾಡುವುದು ತಣ್ಣನೆಯ ಸಿಹಿನೀರಿನಲ್ಲಿ. ಹಾಗಿದ್ದೂ ನೀರು ಹೊಕ್ಕರೆ ವಾರಂಟಿಯವರು ಸಾಮಾನ್ಯವಾಗಿ ಕೈಯೆತ್ತುತ್ತಾರೆ ಎಂದೆಲ್ಲ ವಿವರಿಸಿದರು. ದೊಡ್ಡಮ್ಮ ಕೇಳಿ, "ಅಂದ್ರೆ ಎಷ್ಟು ದುಡ್ಡು ಕೊಟ್ರೂ ಹಂಡೆಗೆ ಬೀಳ್ಸೋ ಹಾಗಿಲ್ಲ. ಅಗ್ಗದ್ದೇ ತನ್ನಿ" ಎಂದರು.

ಭಾವ ಬಿಡಲಿಲ್ಲ. ಐದು ಫೋನುಗಳನ್ನು ಅಡ್ಡಕ್ಕೂ ಗುಣಗಳನ್ನು ಉದ್ದಕ್ಕೂ ಬರೆದು ಎಕ್ಸೆಲ್ ಹಾಳೆಯೊಂದನ್ನು ಪ್ರಿಂಟ್ ಹಾಕಿಸಿ ತಂದು ಜಗಲಿಯ ಮೇಲೆ ಹರಡಿದರು. ಬೆರಳಚ್ಚು? ಅಡಿಕೆ ಸುಲಿದು ಸುಲಿದು ದೊಡ್ಡಮ್ಮನ ಬೆರಳಿನ ಗೆರೆ ಸವೆದಿದೆ, ನ್ಯಾಯಬೆಲೆ ಅಂಗಡಿಯ ಯಂತ್ರವೇ ಅವರನ್ನು ಗುರುತಿಸುವುದಿಲ್ಲ. ಹೊಡಿ ಗೀಟು. 5ಜಿ? ಊರಿಗಿರುವುದು ಒಂದೇ ಟವರು, ಕರೆಂಟ್ ಹೋಗಿ ಬ್ಯಾಟರಿ ಇಳಿದರೆ ಅದೂ ಇಲ್ಲ. ಗೀಟು. ಪರದೆಯ ಚಿತ್ರ ಸೆಕೆಂಡಿಗೆ ನೂರಿಪ್ಪತ್ತು ಸಲ ಬದಲಾಗುತ್ತದೆ ಎಂದಾಗ ದೊಡ್ಡಮ್ಮನೇ, "ಬೇಡ, ತಲೆ ತಿರುಗ್ತದೆ" ಎಂದರು. ಗೇಮಿಂಗಿಗೆ ಗೀಟು ಹೊಡೆಯುವಾಗ ಮಾತ್ರ ಭಾವನ ಕೈ ಸ್ವಲ್ಪ ತಡೆಯಿತು. ಕೊನೆಗೆ ಉಳಿದದ್ದು ಎರಡೇ ಬೇಡಿಕೆ. ಕೊಟ್ಟಿಗೆಯಲ್ಲಿದ್ದರೂ ಕೇಳುವಷ್ಟು ಜೋರಾಗಿ ಹೊಡೆದುಕೊಳ್ಳಬೇಕು. ಬೆಂಗಳೂರಿನ ಮೊಮ್ಮಗುವಿನ ಮುಖ ಕಾಣಬೇಕು.

ಎರಡಕ್ಕೂ ಅಡ್ಡ ನಿಂತದ್ದು ಕಂಬ. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಮೂರನೇ ಕಂಬದ ಬುಡದಲ್ಲಿ, ಅದೂ ಎರಡು ಕಡ್ಡಿ. ಸಾವಿನ ಸುದ್ದಿ, ಸಂಬಂಧದ ಮಾತು, ಮಂಡಿಯ ಅಡಿಕೆ ಧಾರಣೆ ಎಲ್ಲ ಆ ಕಂಬಕ್ಕೇ ಒರಗಿ ನಡೆಯಬೇಕು. ಒಂದು ಹೆಜ್ಜೆ ಆಚೆ ಇಟ್ಟರೆ ಕಟ್.

ಭಾವ ಕಂಬವನ್ನು ನೋಡಿದರು. ಅದರ ಪಕ್ಕದ ಗೋಡೆಯಲ್ಲಿ, ಕೊರೊನಾ ಕಾಲದಲ್ಲಿ ಮಗ ಮನೆಯಿಂದಲೇ ಕೆಲಸ ಮಾಡಲೆಂದು ಹಾಕಿಸಿದ್ದ ಇಂಟರ್ನೆಟ್ ಪೆಟ್ಟಿಗೆ ಹಸಿರು ದೀಪ ಮಿನುಗಿಸುತ್ತಿತ್ತು. ಅವರ ಮುಖವೂ ಮಿನುಗಿತು. "ವೈಫೈ ಕಾಲಿಂಗ್!" ಟವರು ಸಿಗದಿದ್ದರೇನು, ಮನೆಯ ವೈಫೈ ಮೇಲೆಯೇ ಮಾಮೂಲಿ ನಂಬರಿನ ಕರೆ ಬರುತ್ತದೆ, ಫೋನಿನಲ್ಲೂ ಅದಿರಬೇಕು, ಸಿಮ್ಮಿನ ಕಂಪನಿಯೂ ಕೊಡಬೇಕು. ಹಾಳೆಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಪೆನ್ನಿನಲ್ಲಿ ಗೆರೆ ಎಳೆದು ಸೇರಿಸಿದರು.

ಮಾರನೇ ದಿನ ಪೇಟೆಯ ಅಂಗಡಿಯಲ್ಲಿ ಹುಡುಗ ಒಂದು ಡಬ್ಬಿ ಮುಂದಿಟ್ಟು, "ಸರ್, ಇದು ಫುಲ್ ಮೂವಿಂಗು" ಎಂದ.

"ಮೂವಿಂಗ್ ಬೇಡ ಮಾರಾಯ, ನಾಲ್ಕು ವರ್ಷ ನಿಲ್ಲೋದು ಕೊಡು."

ಬೇಕಾದ ಫೋನೇ ಸಿಕ್ಕಿತು. ಹುಡುಗ ಹೇಳಿದ ಟೆಂಪರ್ ಗ್ಲಾಸು, ಪೌಚು, ಇನ್ಶೂರೆನ್ಸು, ಬಡ್ಡಿಯಿಲ್ಲದ ಕಂತು ಎಲ್ಲವನ್ನೂ ದಾಟಿ ಬಂದರು. ಕಂತಿನ ವಿಷಯಕ್ಕೆ ಮಾತ್ರ, ಬಡ್ಡಿಯನ್ನು ರಿಯಾಯಿತಿಯೆಂದು ಕಳೆದರೂ ಅದರ ಮೇಲಿನ ಶೇ. 18 ಜಿಎಸ್‌ಟಿ ಉಳಿಯುತ್ತದೆಂದು ಹುಡುಗನಿಗೇ ಅರ್ಧ ಗಂಟೆ ಪಾಠವಾಯಿತು. ಸಿಮ್ಮೂ ಪೋರ್ಟ್ ಆಯಿತು. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಅಟ್ಟದ ಮೇಲೂ ಫೋನು ಹೊಡೆದುಕೊಂಡಿತು. ಭಾವ ಕೊಟ್ಟ ಸಲಹೆಯೊಂದು ಚಾಚೂತಪ್ಪದೆ ಜಾರಿಯಾದದ್ದು ಅದೇ ಮೊದಲು.

ಆದರೆ ಫೋನು ವೈಫೈಗೆ ಸೇರಿದ ಮೇಲೆ ದೊಡ್ಡಮ್ಮನ ದಿನದ ಒಂದೂವರೆ ಜಿಬಿ ಮುಟ್ಟದೆ ಹಾಗೇ ಉಳಿಯತೊಡಗಿತು. ಭಾವನಿಗೆ ನಿದ್ದೆ ಹತ್ತಲಿಲ್ಲ. ಪ್ರತಿ ರಾತ್ರಿ ಫೋನ್ ಮಾಡಿ ಎಷ್ಟು ಉಳಿದಿದೆ ಎಂದು ಕೇಳುವುದು, ಡೇಟಾ ಇಲ್ಲದ, ಬರೀ ಮಾತಿನ ಪ್ಲಾನುಗಳು 2025ರ ಜನವರಿಯಿಂದ ಬಂದಿರುವುದನ್ನು ಹೇಳುವುದು, ಅದರಲ್ಲಿ ದಿನಕ್ಕೆಷ್ಟು ಪೈಸೆ ಎಂದು ಭಾಗಿಸುವುದು. ಹಿಂದೆಲ್ಲ ಇಂಥ ಮಾತು ಉದ್ದವಾದರೆ ದೊಡ್ಡಮ್ಮ, "ಕೇಳಿಸ್ತಾ ಇಲ್ಲ ಅಳಿಯಂದ್ರೇ" ಎನ್ನುತ್ತ ಕಂಬದಿಂದ ಒಂದು ಹೆಜ್ಜೆ ಈಚೆಗೆ ಬರುತ್ತಿದ್ದರು. ಈಗ ಮನೆಯ ಯಾವ ಮೂಲೆಗೆ ಹೋದರೂ ಭಾವನ ದನಿ ಸ್ಫಟಿಕದಷ್ಟು ಸ್ಪಷ್ಟ.

ಹದಿನೈದು ದಿನ ಸಹಿಸಿದರು. ಆಮೇಲೊಂದು ಬೆಳಿಗ್ಗೆ ನನಗೆ ಫೋನ್ ಬಂತು.

"ತಮ್ಮಾ, ಇದರಲ್ಲಿ ವೈಫೈ ಆರಿಸೋದು ಎಲ್ಲಿ? ಭಾವನಿಗೆ ಹೇಳ್ಬೇಡ."